ಮಾರನೆಯ ದಿನದ ಸಾರು

ಒಬ್ಬಟ್ಟಿನ ಸಾರು ಮಾಡಿದ ದಿನಕ್ಕಿಂತ ಮಾರನೆಯ ದಿನವೇ ರುಚಿ. ಈ ಒಂದು ವಿಷಯದಲ್ಲಿ ಕನ್ನಡನಾಡಿನಲ್ಲಿ ಪಕ್ಷಭೇದವಿಲ್ಲ. ಹಳೇ ಮೈಸೂರಿನವರು ಒಬ್ಬಟ್ಟಿನ ಸಾರು ಎನ್ನಲಿ, ಉತ್ತರ ಕರ್ನಾಟಕದವರು ಕಟ್ಟಿನ ಸಾರು ಎನ್ನಲಿ, ಬೇಳೆ ಬಸಿದ ಕಟ್ಟಿಗೆ ಒಂದು ಹಿಡಿ ಹೂರಣ ಕದಡಿ, ಹುಣಿಸೆಹುಳಿ ಹಿಂಡಿ, ಹುರಿದ ಮಸಾಲೆ ಅರೆದು ಹಾಕಿ ಕುದಿಸಿದ ಆ ಪದಾರ್ಥಕ್ಕೆ ಹಬ್ಬದ ದಿನ ಪಂಕ್ತಿಯಲ್ಲಿ ಹೇಳಿಕೊಳ್ಳುವಂಥ ಸ್ಥಾನ ಇರುವುದಿಲ್ಲ; ಹೋಳಿಗೆ, ತುಪ್ಪ, ಕೋಸಂಬರಿ, ಆಂಬೊಡೆಗಳ ಗದ್ದಲದಲ್ಲಿ ಅದು ಅನ್ನ ಕಲಸಲು ಬಂದದ್ದು, ಅಷ್ಟೆ. ಮಾರನೆಯ ದಿನ ಸಿಹಿಯೆಲ್ಲ ಖಾಲಿಯಾಗಿ, ನೆಂಟರು ಬಸ್ಸು ಹತ್ತಿ, ಬಾಗಿಲ ತೋರಣ ಬಾಡಿ ಸುರುಟಿಕೊಂಡ ಮೇಲೆ ಸಾರಿಗೆ ಪಟ್ಟ ಕಟ್ಟುತ್ತಾರೆ. ಕಿರಿಕಿರಿಯ ಸಂಗತಿಯೆಂದರೆ, ಪಟ್ಟಕ್ಕೆ ಬಂದ ಆ ಸಾರನ್ನು ಕುದಿಸಿ ಇಳಿಸಿದವರಿಗೇ ಅದರ ರುಚಿ ತಿಳಿಯುವುದಿಲ್ಲ. ಅವರಿಗೆ ಆ ಹೊತ್ತಿಗೆ ಮೂಗು ಕಟ್ಟಿರುತ್ತದೆ. ರುಚಿ ಎಂದು ನಾವು ಕರೆಯುವುದರಲ್ಲಿ ಬಹುಪಾಲು ವಾಸನೆಯೇ ಆದ್ದರಿಂದ ಮೂಗು ಮುಚ್ಚಿದವರಿಗೆ ಉಳಿಯುವುದು ಉಪ್ಪು, ಹುಳಿ, ಖಾರ, ಸಿಹಿ ಮಾತ್ರ. ಇಂಗು, ಕರಿಬೇವು, ತುಪ್ಪದ ಒಗ್ಗರಣೆಗಳು ಮೂಗಿನ ಹೊಸ್ತಿಲಾಚೆಯೇ ನಿಂತುಬಿಡುತ್ತವೆ. ಹಬ್ಬ ಮುಗಿದ ಬೆನ್ನಿಗೇ ಬರುವ ಈ ನೆಗಡಿಗೆ ಮನೆಮನೆಯಲ್ಲೂ ಕಾರಣಗಳು ಸಿದ್ಧವಾಗಿವೆ. ತಲೆಗೆ ಎರೆದುಕೊಂಡು ಸರಿಯಾಗಿ ಒರೆಸಿಕೊಳ್ಳಲಿಲ್ಲ, ಎಣ್ಣೆ ಪದಾರ್ಥ ಹೆಚ್ಚಾಯಿತು, ಹವೆ ತಿರುಗಿತು, ಬೆಂಗಳೂರಿನಿಂದ ಬಂದವರು ಕೆಮ್ಮುತ್ತಿದ್ದರು, ದೃಷ್ಟಿ ತಾಕಿತು. ಈ ಪಟ್ಟಿಯಲ್ಲಿ ಎಂದೂ ಸೇರದ ಒಂದು ಕಾರಣದ ಮೇಲೆ ನನಗೆ ಅನುಮಾನವಿದೆ. ಹಬ್ಬದ ಕೆಲಸ ಯಾರ ಹೆಗಲ ಮೇಲಿತ್ತು, ಅವರು ಎಷ್ಟು ದಿನದಿಂದ ನಿದ್ದೆಗೆಟ್ಟಿದ್ದರು ಎಂಬುದು ಆ ಕಾರಣ.

ನೆಗಡಿಯ ವಿಷಯದಲ್ಲಿ ಅನುಮಾನಪಡುವವರೆಲ್ಲ ಒಮ್ಮೆ ಇಂಗ್ಲೆಂಡಿನ ಸಾಲ್ಸ್‌ಬರಿ ಊರಿಗೆ ಹೋಗಿ ಬರಬೇಕಾಗುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಮತ್ತು ರೆಡ್ ಕ್ರಾಸ್ ಸೇರಿ ಅಲ್ಲಿ ಒಂದು ತಾತ್ಕಾಲಿಕ ಆಸ್ಪತ್ರೆ ಕಟ್ಟಿದ್ದವು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಅದೇ ಗುಡಿಸಲುಗಳಂಥ ಕಟ್ಟಡಗಳಲ್ಲಿ ಬ್ರಿಟಿಷರು ನೆಗಡಿಯನ್ನು ಅಭ್ಯಾಸ ಮಾಡುವ ಕೇಂದ್ರವನ್ನು ತೆರೆದರು. ನೆಗಡಿ ಬರಿಸಿಕೊಳ್ಳಲು ಜನ ಬೇಕಲ್ಲ? ಹತ್ತು ದಿನದ ಬಿಟ್ಟಿ ರಜೆ ಎಂದು ಜಾಹೀರಾತು ಕೊಟ್ಟರು. ಊಟ, ವಸತಿ, ಪ್ರಯಾಣದ ಖರ್ಚು, ಜೊತೆಗೆ ಒಂದಿಷ್ಟು ಕೈಖರ್ಚು. ಬದಲಿಗೆ ಮೂಗಿನಲ್ಲಿ ವೈರಸ್ಸಿನ ನಾಲ್ಕು ಹನಿ ಬಿಡಿಸಿಕೊಳ್ಳಬೇಕು. ಜನ ಮುಗಿಬಿದ್ದರು. ಪರೀಕ್ಷೆಗೆ ಓದಿಕೊಳ್ಳಲು ಬಂದ ವಿದ್ಯಾರ್ಥಿಗಳಿದ್ದರು, ಮಧುಚಂದ್ರಕ್ಕೆಂದು ಬಂದ ಜೋಡಿಗಳಿದ್ದವು, ವರ್ಷ ವರ್ಷವೂ ಮರಳಿ ಬಂದವರಿದ್ದರು. 1990ರಲ್ಲಿ ಮುಚ್ಚುವವರೆಗೆ ಸುಮಾರು 20,000 ಮಂದಿ ಅಲ್ಲಿ ತಂಗಿ ಹೋದರು. ನಾವು ರಜೆಗೆ ಹೋಗಿ ನೆಗಡಿ ತರುತ್ತೇವೆ. ಅವರು ನೆಗಡಿಗೆ ಹೋಗಿ ರಜೆ ಅನುಭವಿಸಿದರು. ಮನುಷ್ಯರನ್ನು ಕಾಡುವ ಕೊರೋನಾ ಕುಲದ ವೈರಸ್ಸುಗಳ ಸುಳಿವು ಮೊದಮೊದಲು ಸಿಕ್ಕಿದ ಜಾಗಗಳಲ್ಲಿ ಅದೂ ಒಂದು, 1960ರ ದಶಕದಲ್ಲಿ, ಒಬ್ಬ ಶಾಲಾ ಹುಡುಗನ ಸಾಧಾರಣ ನೆಗಡಿಯಿಂದ. ಆದರೆ ನಮ್ಮ ಸಾರಿನ ಪ್ರಶ್ನೆಗೆ ಬೇಕಾದದ್ದು ಅಲ್ಲಿ ನಡೆದ ಇನ್ನೊಂದು ಕೆಲಸ.

ಅಮೆರಿಕದ ಮನಶ್ಶಾಸ್ತ್ರಜ್ಞ ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು ಈ ಕೇಂದ್ರದಲ್ಲಿ 394 ಆರೋಗ್ಯವಂತರಿಗೆ ಮೊದಲು ಕೆಲವು ಪ್ರಶ್ನೆ ಕೇಳಿದರು. ಕಳೆದ ವರ್ಷ ನಿಮ್ಮ ಬಾಳಿನಲ್ಲಿ ಏನೇನು ಏರುಪೇರಾಯಿತು, ಹೊತ್ತಿರುವ ಹೊಣೆ ಕೈಮೀರಿದೆ ಅನಿಸುತ್ತಿದೆಯೇ, ಮನಸ್ಸು ಹೇಗಿದೆ, ಹೀಗೆ. ಆಮೇಲೆ ಐದು ಬಗೆಯ ವೈರಸ್ಸುಗಳಲ್ಲಿ ಒಂದನ್ನು ಮೂಗಿಗೆ ಬಿಟ್ಟು, ಪ್ರತ್ಯೇಕವಾಗಿ ಇರಿಸಿ, ಕಾದು ನೋಡಿದರು. ಬಳಸಿ ಬಿಸಾಡಿದ ಕಾಗದದ ಕರವಸ್ತ್ರಗಳನ್ನೂ ಎಣಿಸಿದರು. 1991ರಲ್ಲಿ ಪ್ರಕಟವಾದ ಫಲಿತಾಂಶ ಇದು: ಒತ್ತಡ ತೀರಾ ಕಡಿಮೆ ಇದ್ದವರಲ್ಲಿ ನೂರಕ್ಕೆ 27 ಮಂದಿಗೆ ನೆಗಡಿ ಹಿಡಿದರೆ ತೀರಾ ಹೆಚ್ಚು ಇದ್ದವರಲ್ಲಿ 47 ಮಂದಿಗೆ ಹಿಡಿಯಿತು, ನಡುವಿನವರು ಮೆಟ್ಟಿಲು ಮೆಟ್ಟಿಲಾಗಿ ನಡುವೆ ನಿಂತರು. ಇದನ್ನು ಓದಿದ ಕೂಡಲೇ ಏಳುವ ಆಕ್ಷೇಪ, ಹಬ್ಬದಲ್ಲಿ ನೆಗಡಿ ಬರುವುದು ಜನಜಂಗುಳಿಯಿಂದ, ಮೂವತ್ತು ಜನ ಒಂದೇ ಹಜಾರದಲ್ಲಿ ಉಂಡು ಮಲಗಿ ಎದ್ದರೆ ವೈರಸ್ಸಿಗೂ ಹಬ್ಬವೇ, ಇದರಲ್ಲಿ ಮನಸ್ಸಿನ ಪಾತ್ರವೇನು ಎಂಬುದು. ಜನಜಂಗುಳಿಯ ಪಾಲನ್ನು ಅಲ್ಲಗಳೆಯುವಂತಿಲ್ಲ. ವೈರಸ್ಸೇ ಇಲ್ಲದ ಕಡೆ ಎಷ್ಟು ಸಂಕಟಪಟ್ಟರೂ ನೆಗಡಿ ಹುಟ್ಟುವುದಿಲ್ಲ. ಆದರೆ ಸಾಲ್ಸ್‌ಬರಿಯ ಪ್ರಯೋಗದ ಸೊಗಸು ಇರುವುದೇ ಇಲ್ಲಿ: ಅಲ್ಲಿ ವೈರಸ್ಸನ್ನು ಎಲ್ಲರಿಗೂ ಕೈಯಾರೆ ಬಡಿಸಿದ್ದರು. ಬಡಿಸಿದ್ದು ಒಂದೇ ಆದರೂ ಉಂಡವರಲ್ಲಿ ಕೆಲವರಿಗೆ ಅರಗಿತು, ಕೆಲವರಿಗೆ ಅರಗಲಿಲ್ಲ. ಹಜಾರದ ಮೂವತ್ತು ಜನರಲ್ಲೂ ಎಲ್ಲರಿಗೂ ನೆಗಡಿಯಾಗುವುದಿಲ್ಲವಲ್ಲ. ಆಗುವವರು ಯಾರು ಎಂಬುದಷ್ಟೇ ಪ್ರಶ್ನೆ.

ಒತ್ತಡವೆಂಬುದು ಮೈಯೊಳಗೆ ಏನು ಮಾಡುತ್ತದೆ ಎನ್ನುವುದರ ಮೊದಲ ಗೆರೆಯನ್ನು ಎಳೆದವರು ಹ್ಯಾನ್ಸ್ ಸೆಲ್ಯೆ. 1936ರಲ್ಲಿ ಅವರು 'ನೇಚರ್' ಪತ್ರಿಕೆಗೆ ಬರೆದ ಪುಟ್ಟ ಕಾಗದದಲ್ಲಿ ಇಲಿಗಳ ಕಥೆಯಿದೆ. ಚಳಿಯಲ್ಲಿಡಲಿ, ಗಾಯ ಮಾಡಲಿ, ಅಳತೆ ಮೀರಿ ದುಡಿಸಲಿ, ಕಾಟ ಯಾವುದೇ ಇರಲಿ, ಇಲಿಗಳ ಒಳಗೆ ಆಗುತ್ತಿದ್ದುದು ಒಂದೇ: ಮೂತ್ರಪಿಂಡದ ಮೇಲೆ ಕೂತ ಅಡ್ರಿನಲ್ ಗ್ರಂಥಿ ಊದಿಕೊಳ್ಳುತ್ತಿತ್ತು, ಎದೆಯೊಳಗಿನ ಥೈಮಸ್ ಕುಗ್ಗುತ್ತಿತ್ತು, ಹೊಟ್ಟೆಯಲ್ಲಿ ಹುಣ್ಣು. ರೋಗಾಣುಗಳ ಜೊತೆ ಹೋರಾಡುವ ಟಿ ಕಣಗಳು ಪಳಗುವ ಗರಡಿಮನೆಯೇ ಥೈಮಸ್ ಎಂಬುದು ಗೊತ್ತಾದದ್ದು ಬಹಳ ಆಮೇಲೆ. ಅಡ್ರಿನಲ್ ಸುರಿಸುವ ಕಾರ್ಟಿಸೋಲ್ ಕೆಟ್ಟ ವಸ್ತುವೇನಲ್ಲ. ಉರಿಯೂತ ಹದ್ದು ಮೀರದಂತೆ ಗದರಿಸಿ ಕೂರಿಸುವುದು ಅದರ ಕೆಲಸ. ತೊಡಕು ಬರುವುದು ಆ ಗದರಿಕೆ ನಿಲ್ಲದೆ ನಡೆದಾಗ. ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮ ಕೂಗುವ ಕುಕ್ಕರಿನ ಸೀಟಿ ಮನೆಯವರ ಕಿವಿಗೆ ಬೀಳುವುದೇ ನಿಂತುಹೋಗುವಂತೆ, ದಿನಗಟ್ಟಲೆ ಕಾರ್ಟಿಸೋಲ್‌ನಲ್ಲಿ ಮುಳುಗಿದ ರಕ್ಷಣಾ ಕಣಗಳೂ ಅದರ ಮಾತಿಗೆ ಕಿವುಡಾಗುತ್ತವೆ. ನೆಗಡಿಯ ಸುರಿಮೂಗು, ಕಟ್ಟಿದ ಮೂಗು, ಗಂಟಲುರಿ ಬಹುಮಟ್ಟಿಗೆ ವೈರಸ್ಸಿನ ಕೈಕೆಲಸವಲ್ಲ, ಹೀಗೆ ಲಗಾಮು ತಪ್ಪಿದ ನಮ್ಮದೇ ಉರಿಯೂತದ್ದು. ಇನ್ನು ಗಾಯ ಮಾಯುವುದನ್ನು ನೋಡಿದರೆ ವಿಷಯ ಇನ್ನೂ ಸ್ಪಷ್ಟ. ಅಮೆರಿಕದ ಒಹಾಯೋದಲ್ಲಿ ಹನ್ನೊಂದು ಮಂದಿ ದಂತವೈದ್ಯ ವಿದ್ಯಾರ್ಥಿಗಳ ಅಂಗುಳಿನಲ್ಲಿ ಎರಡು ಸಲ ಪುಟ್ಟ ಗಾಯ ಮಾಡಿದರು, ಒಮ್ಮೆ ಬೇಸಗೆ ರಜೆಯಲ್ಲಿ, ಇನ್ನೊಮ್ಮೆ ಪರೀಕ್ಷೆಗೆ ಮೂರು ದಿನ ಮುಂಚೆ. 1998ರ ಈ ಅಧ್ಯಯನದಲ್ಲಿ ಪರೀಕ್ಷೆಯ ಹೊತ್ತಿನ ಗಾಯ ಮಾಯಲು ಸರಾಸರಿ ಮೂರು ದಿನ ಹೆಚ್ಚು ಬೇಕಾಯಿತು, ಅಂದರೆ ಸುಮಾರು ಶೇಕಡಾ 40 ನಿಧಾನ. ಹನ್ನೊಂದು ಜನ ತೀರಾ ಕಡಿಮೆ ಎನ್ನಬಹುದು. ಆದರೆ ಹನ್ನೊಂದು ಜನರಲ್ಲಿ ಒಬ್ಬರಿಗೂ ಪರೀಕ್ಷೆಯಲ್ಲಿ ರಜೆಯಷ್ಟು ಬೇಗ ಮಾಯಲಿಲ್ಲ. ಹಬ್ಬದ ದಿನ ಈಳಿಗೆಮಣೆಯಲ್ಲಿ ಬೆರಳು ಕೊಯ್ದುಕೊಂಡವರು, ಹೋಳಿಗೆಯ ಕಾವಲಿಗೆ ಕೈ ತಾಗಿಸಿಕೊಂಡವರು ಇದನ್ನು ನೆನಪಿಟ್ಟುಕೊಳ್ಳಬಹುದು.

ಎರಡನೆಯ ಆಕ್ಷೇಪ ಮೊದಲನೆಯದಕ್ಕಿಂತ ಗಟ್ಟಿಯಾದದ್ದು. ಪರೀಕ್ಷೆ, ನಿರುದ್ಯೋಗ, ರೋಗಿಯ ಶುಶ್ರೂಷೆ ಇವೆಲ್ಲ ಸರಿ; ಹಬ್ಬ ಎಷ್ಟು ದಿನದ್ದು? ಮೂರು ದಿನ ಓಡಾಡಿದರೆ ಯಾವ ಥೈಮಸ್ ಕುಗ್ಗೀತು? ಈ ಆಕ್ಷೇಪಕ್ಕೆ ಕೋಹೆನ್ನರೇ ಸಾಕ್ಷಿ ಒದಗಿಸಿದ್ದಾರೆ. 1998ರಲ್ಲಿ 276 ಮಂದಿಯ ಮೇಲೆ ನಡೆದ ಇನ್ನೊಂದು ಪ್ರಯೋಗದಲ್ಲಿ, ಒಂದು ತಿಂಗಳಿಗಿಂತ ಕಡಿಮೆ ಕಾಲದ ಒತ್ತಡಕ್ಕೂ ನೆಗಡಿಗೂ ಸಂಬಂಧ ಕಾಣಲಿಲ್ಲ. ತಿಂಗಳು ದಾಟಿದ ಒತ್ತಡಕ್ಕೆ ಮಾತ್ರ ಕಂಡಿತು, ಅದರಲ್ಲೂ ಕೆಲಸದ ತೊಂದರೆ ಮತ್ತು ಮನೆಯವರೊಡನೆ, ಆಪ್ತರೊಡನೆ ಮುಗಿಯದ ತಿಕ್ಕಾಟಕ್ಕೆ. ನಿಮಿಷಗಳ ಲೆಕ್ಕದ ಗಡಿಬಿಡಿ ರಕ್ಷಣಾ ವ್ಯವಸ್ಥೆಯ ಒಂದು ಭಾಗವನ್ನು ಚುರುಕು ಮಾಡುತ್ತದೆ ಎಂದೂ ಬೇರೆ ಅಧ್ಯಯನಗಳು ಹೇಳುತ್ತವೆ. ಹಾಗಾದರೆ ನನ್ನ ವಾದ ಇಲ್ಲಿಗೇ ನಿಲ್ಲಬೇಕಿತ್ತು. ನಿಲ್ಲದಿರುವುದಕ್ಕೆ ಕಾರಣ ಪಂಚಾಂಗ. ಹಬ್ಬ ಮೂರು ದಿನದ್ದು ಎನ್ನುವವರು ಹಬ್ಬಕ್ಕೆ ಬಂದು ಹೋಗುವವರು. ಹಬ್ಬ ಮಾಡುವವರ ಎಣಿಕೆ ಆಷಾಢದ ಕೊನೆಯ ಭೀಮನ ಅಮಾವಾಸ್ಯೆಯಿಂದ ಶುರು. ನಾಗರಪಂಚಮಿ, ವರಮಹಾಲಕ್ಷ್ಮಿ, ಕೃಷ್ಣಾಷ್ಟಮಿ, ಗೌರಿ, ಗಣೇಶ, ನಡುವೆ ಪಿತೃಪಕ್ಷ, ಅದರ ಬೆನ್ನಿಗೆ ನವರಾತ್ರಿ, ಆಯುಧಪೂಜೆ, ಆಮೇಲೆ ದೀಪಾವಳಿ, ಕೊನೆಗೆ ತುಳಸಿಪೂಜೆ. ಹತ್ತಿರ ಹತ್ತಿರ ಮೂರೂವರೆ ತಿಂಗಳು. ಒಂದು ಹಬ್ಬದ ಪಾತ್ರೆ ಅಟ್ಟಕ್ಕೇರುವ ಮೊದಲೇ ಇನ್ನೊಂದರ ಬೂದಿಹುಣಿಸೆ ಕೈಗೆ ಬಂದಿರುತ್ತದೆ. ಹೊಸ್ತಿಲಾಚೆ ನಿಂತು ನೋಡಿದರೆ ಬಿಡಿ ಬಿಡಿ ಹಬ್ಬಗಳು, ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಒಂದೇ ಉದ್ದನೆಯ ಕೆಲಸ. ಆ ಹತ್ತೂ ಹದಿನೈದೂ ದಿನಗಳ ಬಿಡುವಿನಲ್ಲಿ ತಲೆ ಬಿಡುವಾಗಿರುತ್ತದೆಯೇ? ಸೀರೆ ಯಾರಿಗೆ ಕೊಡಬೇಕು, ಕಳೆದ ಸಲ ಬಾಗಿನಕ್ಕೆ ಯಾರನ್ನು ಕರೆಯುವುದು ಮರೆತು ಎಂಥ ಮಾತು ಬಂತು, ಈ ಸಲ ಕನಕಾಂಬರ ಎಷ್ಟಕ್ಕೆ ಏರೀತು, ಇವೆಲ್ಲ ರಾತ್ರಿ ಹಾಸಿಗೆಯಲ್ಲಿ ಮಾಡುವ ಲೆಕ್ಕಗಳು.

ಯಾರು ಆ ಹಾಸಿಗೆಯಲ್ಲಿ ಲೆಕ್ಕ ಮಾಡುತ್ತಾರೆ ಎಂಬುದಕ್ಕೂ ಸರಕಾರದ ಅಂಕಿಯಿದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶದಾದ್ಯಂತ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂದು ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಟ್ಟರೆ, ತೊಡಗಿದ ಗಂಡಸರು ಕೊಟ್ಟದ್ದು 97 ನಿಮಿಷ. ತೊಡಗಿದ ಗಂಡಸರು ಎಂಬ ಮಾತನ್ನು ಗಮನಿಸಬೇಕು. ಅವರು ಗಂಡಸರಲ್ಲಿ ಕಾಲುಭಾಗದಷ್ಟು. ಇದು ಸಾಮಾನ್ಯ ದಿನದ ಲೆಕ್ಕ, ಹಬ್ಬದ್ದಲ್ಲ. ಹಬ್ಬದ ದಿನ ಗಂಡಸರು ಕೆಲಸ ಮಾಡುವುದಿಲ್ಲ ಎಂದರೆ ಅನ್ಯಾಯವಾದೀತು. ಮಾವಿನ ತೋರಣ ಕಟ್ಟುತ್ತಾರೆ, ಬಾಳೆಕಂದು ತರುತ್ತಾರೆ, ಮಾರುಕಟ್ಟೆಯಲ್ಲಿ ಹೂವಿಗೆ ಚೌಕಾಸಿ ಮಾಡಿ ಸೋಲುತ್ತಾರೆ, ಗಂಟೆ ಬಾರಿಸುತ್ತಾರೆ. ದುಡ್ಡಿನ ಚಿಂತೆ, ಬಸ್ಸಿನ ಟಿಕೀಟಿನ ಚಿಂತೆ ಅವರ ಪಾಲಿಗೂ ಇದೆ. ಅದನ್ನು ಒತ್ತಡವಲ್ಲ ಎನ್ನಲಾಗದು. ಆದರೆ ಈ ಕೆಲಸಗಳಿಗೆ ಒಂದು ಗುಣವಿದೆ, ಮಾಡಿದ ಮೇಲೆ ಮುಗಿಯುತ್ತವೆ, ಮುಗಿದದ್ದು ಎಲ್ಲರ ಕಣ್ಣಿಗೆ ಕಾಣುತ್ತದೆ. ತೋರಣ ಕಟ್ಟಿದವರು ಕುರ್ಚಿಯಲ್ಲಿ ಕೂತು ತೋರಣ ನೋಡಬಹುದು. ನೆನಪಿಟ್ಟುಕೊಳ್ಳುವ ಕೆಲಸ ಹಾಗೆ ಮುಗಿಯುವುದಲ್ಲ, ಅದಕ್ಕೆ ನಿಮಿಷದ ಲೆಕ್ಕ ಹಿಡಿಯುವುದೂ ಕಷ್ಟ. ನೆಂಟರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬರಿಗೆ ಈರುಳ್ಳಿ ಆಗದು, ಮಗುವಿಗೆ ಖಾರವಿಲ್ಲದ್ದು ಬೇಕು ಎಂಬುದು ಒಬ್ಬರ ತಲೆಯಲ್ಲಿ ಮಾತ್ರ ಇರುತ್ತದೆ. ಮಿಕ್ಕವರು ಬಂದು, ಏನಾದರೂ ಸಹಾಯ ಮಾಡಲೇ ಎಂದು ಕೇಳುತ್ತಾರೆ. ಆ 'ಸಹಾಯ' ಎಂಬ ಮಾತಿನಲ್ಲೇ ಕೆಲಸದ ಖಾತೆ ಯಾರ ಹೆಸರಿನಲ್ಲಿದೆ ಎಂಬುದು ದಾಖಲಾಗಿರುತ್ತದೆ.

ಈಗ ನಿದ್ದೆಯ ಮಾತು. ಒತ್ತಡ ಕೆಲಸ ಮಾಡುವುದು ನಿದ್ದೆಗೆಡಿಸಿ ಮಾತ್ರ ಎಂದು ನಾನು ಹೇಳುತ್ತಿಲ್ಲ. 1991ರ ಅಧ್ಯಯನದಲ್ಲಿ ನಿದ್ದೆ, ಸಿಗರೇಟು, ಊಟ ಎಲ್ಲವನ್ನೂ ಲೆಕ್ಕದಿಂದ ಕಳೆದ ಮೇಲೂ ಒತ್ತಡದ ಪಾಲು ಉಳಿದಿತ್ತು. ಆದರೆ ಹಬ್ಬದಲ್ಲಿ ಮೊದಲು ಕೈಬಿಟ್ಟು ಹೋಗುವುದು ನಿದ್ದೆ, ಮತ್ತು ನಿದ್ದೆಯ ಪೆಟ್ಟಿಗೆ ತಿಂಗಳುಗಟ್ಟಲೆ ಕಾಯಬೇಕಿಲ್ಲ. 2009ರಲ್ಲಿ 153 ಮಂದಿಯ ನಿದ್ದೆಯನ್ನು ಎರಡು ವಾರ ವಿಚಾರಿಸಿಕೊಂಡು ಆಮೇಲೆ ಮೂಗಿಗೆ ವೈರಸ್ ಬಿಟ್ಟಾಗ, ಏಳು ಗಂಟೆಗಿಂತ ಕಡಿಮೆ ಮಲಗಿದವರಿಗೆ ನೆಗಡಿ ಹಿಡಿಯುವ ಸಂಭವ ಎಂಟು ಗಂಟೆ ಮಲಗಿದವರಿಗಿಂತ ಸುಮಾರು ಮೂರು ಪಟ್ಟು ಇತ್ತು. ಜನ ನಿದ್ದೆಯ ಲೆಕ್ಕ ಸುಳ್ಳು ಹೇಳಿರಬಹುದಲ್ಲ ಎನ್ನುವವರಿಗಾಗಿ 2015ರಲ್ಲಿ 164 ಮಂದಿಯ ಮಣಿಕಟ್ಟಿಗೆ ಅಳೆಯುವ ಪಟ್ಟಿ ಕಟ್ಟಿದರು. ಆರು ಗಂಟೆಗಿಂತ ಕಡಿಮೆ ಮಲಗಿದವರಿಗೆ ಏಳು ಗಂಟೆ ಮೀರಿ ಮಲಗಿದವರ ನಾಲ್ಕು ಪಟ್ಟಿಗೂ ಹೆಚ್ಚು. ಅದಕ್ಕೂ ಮೊದಲು, 2002ರಲ್ಲಿ, ನಾಲ್ಕೇ ಗಂಟೆ ಮಲಗಲು ಬಿಟ್ಟ ತರುಣರಿಗೆ ಫ್ಲೂ ಲಸಿಕೆ ಚುಚ್ಚಿ ಹತ್ತು ದಿನದ ಮೇಲೆ ನೋಡಿದರೆ, ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳು ಸರಿಯಾಗಿ ಮಲಗಿದವರ ಅರ್ಧದಷ್ಟೂ ಇರಲಿಲ್ಲ. ಹಬ್ಬದ ಹಿಂದಿನ ರಾತ್ರಿ ಹನ್ನೆರಡಕ್ಕೆ ಹೂರಣ ರುಬ್ಬಿ, ನಾಲ್ಕಕ್ಕೆ ಎದ್ದು ರಂಗೋಲಿ ಹಾಕುವವರು ಈ ತರುಣರ ಲೆಕ್ಕಕ್ಕೆ ಸರಿಯಾಗಿ ಬಂದು ಕೂರುತ್ತಾರೆ. ಊರಿಗೆ ಹೊರಟವರ ಪಾಡೂ ಅಷ್ಟೆ. ಮೆಜೆಸ್ಟಿಕ್‌ನಲ್ಲಿ ಎರಡು ತಾಸು ಕಾದು ಹತ್ತಿದ ಗಾಡಿಗೆ ಸ್ಲೀಪರ್ ಬಸ್ಸು ಎಂದು ಹೆಸರಿಟ್ಟವರು ಯಾರೋ, ಅದರಲ್ಲಿ ಮಲಗುವುದು ಸಾಮಾನು ಮಾತ್ರ. ಒಬ್ಬಟ್ಟಿನ ಸಾರು ಮಾರನೆಯ ದಿನ ಯಾಕೆ ರುಚಿಯಾಗುತ್ತದೆ? ಹುಳಿ, ಬೆಲ್ಲ, ಮಸಾಲೆ ರಾತ್ರಿಯಿಡೀ ಒಂದರೊಳಗೊಂದು ಇಳಿಯಲು ಅದನ್ನು ಮುಚ್ಚಿಟ್ಟು ಯಾರೂ ಕದಡದೆ ಬಿಟ್ಟಿರುತ್ತಾರೆ. ಹಬ್ಬದ ರಾತ್ರಿ ಆ ಮನೆಯಲ್ಲಿ ಹಾಗೆ ಕದಡದೆ ಉಳಿದದ್ದು ಸಾರಿನ ಪಾತ್ರೆ ಒಂದೇ.

ಇಷ್ಟಾದರೆ ಹಬ್ಬವೇ ಬೇಡ, ಬೀಗ ಹಾಕಿಕೊಂಡು ರೆಸಾರ್ಟಿಗೆ ಹೋಗೋಣ ಎನ್ನುವ ಪಂಥವೊಂದು ನಗರಗಳಲ್ಲಿ ಬೆಳೆಯುತ್ತಿದೆ. ಸಾಕ್ಷ್ಯ ಅದಕ್ಕೂ ಪೂರ್ತಿ ಒಲಿಯುವುದಿಲ್ಲ. 1997ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಕೋಹೆನ್ನರ ತಂಡ ಮೂಗಿಗೆ ವೈರಸ್ ಬಿಡುವ ಮೊದಲು ಕೇಳಿದ ಪ್ರಶ್ನೆ ಬೇರೆ: ಎರಡು ವಾರದಲ್ಲಿ ನೀವು ಎಷ್ಟು ಬಗೆಯ ಸಂಬಂಧದವರ ಜೊತೆ ಮಾತಾಡಿದ್ದೀರಿ? ಗಂಡ ಅಥವಾ ಹೆಂಡತಿ, ಹೆತ್ತವರು, ಮಕ್ಕಳು, ನೆಂಟರು, ನೆರೆಯವರು, ಗೆಳೆಯರು, ಸಹೋದ್ಯೋಗಿಗಳು, ದೇವಸ್ಥಾನ ಚರ್ಚುಗಳ ಒಡನಾಡಿಗಳು, ಹೀಗೆ ಹನ್ನೆರಡು ಬಗೆ. ಮೂರು ಬಗೆಯೊಳಗೆ ನಿಂತವರಿಗೆ ನೆಗಡಿಯ ಸಂಭವ, ಆರು ಮತ್ತು ಹೆಚ್ಚು ಬಗೆ ಇದ್ದವರ ನಾಲ್ಕು ಪಟ್ಟು. ಹೆಚ್ಚು ಜನರೊಡನೆ ಬೆರೆಯುವವರಿಗೆ ಹೆಚ್ಚು ನೆಗಡಿಯಾಗಬೇಕಿತ್ತು ಎಂಬ ನಮ್ಮ ಸಾಮಾನ್ಯ ತರ್ಕವನ್ನು ಇದು ಬುಡಮೇಲು ಮಾಡುತ್ತದೆ. ಆ ಹನ್ನೆರಡರ ಪಟ್ಟಿಯಲ್ಲಿ ಅತ್ತೆಮಾವಂದಿರೂ ಇದ್ದಾರೆ ಎಂಬುದನ್ನು, ಯಾರಿಗೂ ನೋವಾಗದ ಹಾಗೆ, ಇಲ್ಲಿ ಸೇರಿಸಬಹುದು. ಅದೇ ಸಂಶೋಧಕರ ಇನ್ನೊಂದು ಲೆಕ್ಕದಲ್ಲಿ ಮನೆಯವರೊಡನೆ ಮುಗಿಯದ ತಿಕ್ಕಾಟ ನೆಗಡಿ ತರುತ್ತದೆ ಎಂದಿತ್ತಲ್ಲ, ಎರಡೂ ಒಟ್ಟಿಗೆ ನಿಜವಾಗಲು ಏನೂ ಅಡ್ಡಿಯಿಲ್ಲ. ಜಗಲಿಯಲ್ಲಿ ಕೂತು ಎಲೆಅಡಿಕೆ ಹಾಕಿಕೊಂಡು ನಗುವ ನೆಂಟಸ್ತಿಕೆ ಒಂದು; ಆ ನಗು ಒಳಗೆ ಕೇಳಿಸುತ್ತಿದ್ದರೂ ಒಲೆ ಬಿಟ್ಟು ಬರಲಾಗದ ನೆಂಟಸ್ತಿಕೆ ಇನ್ನೊಂದು. ಹಬ್ಬ ಮದ್ದಾಗಿಯೂ ಕಾಯಿಲೆಯಾಗಿಯೂ ಒಂದೇ ಮನೆಯಲ್ಲಿ ಒಂದೇ ಹೊತ್ತಿಗೆ ನಡೆಯುತ್ತಿರುತ್ತದೆ. ಮದ್ದು ಜಗಲಿಗೆ, ಕಾಯಿಲೆ ಒಲೆಯ ಮುಂದಕ್ಕೆ ಎಂದು ಹಂಚಿಕೆಯಾಗಿರುತ್ತದೆ.

ಹಿಂದಿನವರು ಇದಕ್ಕೆ ಹತ್ತರಷ್ಟು ಮಾಡುತ್ತಿದ್ದರು, ಅವರಿಗೇನಾಗುತ್ತಿತ್ತು ಎಂಬ ಮಾತು ಈಗ ಬಂದೇ ಬರುತ್ತದೆ. ಏನಾಗುತ್ತಿತ್ತು ಎಂದು ಬರೆದಿಟ್ಟವರಿಲ್ಲ. ಅಡುಗೆಮನೆಯ ನೆಗಡಿಗೆ ಶಾಸನ ಕೆತ್ತಿಸುವವರು ಯಾರು? ಕೂಡುಕುಟುಂಬದಲ್ಲಿ ಹತ್ತು ಕೈಗಳಿದ್ದವು ಎಂಬುದು ನಿಜ, ಅದರಲ್ಲಿ ಎಳೆಯ ಸೊಸೆಯ ಎರಡು ಕೈ ಉಳಿದ ಎಂಟರಷ್ಟು ದುಡಿದು ಕೊನೆಯ ಪಂಕ್ತಿಯಲ್ಲಿ ತಣ್ಣನೆಯ ಅನ್ನ ಉಣ್ಣುತ್ತಿದ್ದವು ಎಂಬುದೂ ನಿಜ. ಹಳೆಯದನ್ನು ಹೊಗಳುವುದಾದರೆ ಹೊಗಳಬೇಕಾದದ್ದು ಬೇರೆಯೇ ಇದೆ. ಹಬ್ಬಗಳ ವಿಧಿಯೊಳಗೇ ವಿರಾಮವನ್ನು ಹೊಲಿದಿಟ್ಟಿದ್ದರು. ದೀಪಾವಳಿಯ ಮೊದಲ ಸಂಜೆ ಹಂಡೆ ತೊಳೆದು ನೀರು ತುಂಬುವುದೇ ಒಂದು ಹಬ್ಬ. ಮರುದಿನ ನಸುಕಿನಲ್ಲಿ ಎಣ್ಣೆ ನೀರು. ಯುಗಾದಿಗೂ ಅಷ್ಟೆ, ಮೈಗೆ ಎಣ್ಣೆ ಮೊದಲು, ಬೇವುಬೆಲ್ಲ ಆಮೇಲೆ. ಹರಳೆಣ್ಣೆ ತಿಕ್ಕಿಸಿಕೊಂಡು, ನೆತ್ತಿಯ ಮೇಲೆ ಹದವಾದ ಬಿಸಿನೀರು ಬೀಳಿಸಿಕೊಂಡು, ಕಂಬಳಿ ಹೊದ್ದು ಬೆವರುತ್ತ ಒಂದು ಗಳಿಗೆ ಮಲಗುವುದು ಆ ವಿಧಿಯ ಉತ್ತರಾರ್ಧ. ಚರಕಸಂಹಿತೆ ದೇಹವನ್ನು ಹೊತ್ತು ನಿಲ್ಲಿಸುವ ಮೂರು ಊರೆಗೋಲುಗಳಲ್ಲಿ ಆಹಾರದ ಪಕ್ಕದಲ್ಲೇ ನಿದ್ರೆಯನ್ನು ನಿಲ್ಲಿಸಿದೆ. ನಾವು ಉಳಿಸಿಕೊಂಡದ್ದು ನಾಲ್ಕು ಗಂಟೆಗೆ ಏಳುವುದನ್ನು, ಕೈಬಿಟ್ಟದ್ದು ಕಂಬಳಿಯನ್ನು.

ಕೈಬಿಟ್ಟದ್ದನ್ನು ಅಂಗಡಿಯಲ್ಲಿ ಕೊಂಡು ತುಂಬಿಕೊಳ್ಳುವ ಹಾದಿಯೂ ಇದೆ. ರೋಗನಿರೋಧಕ ಶಕ್ತಿ ಹೆಚ್ಚಿಸುವ ಪುಡಿ, ಲೇಹ್ಯ, ಹನಿ, ಗುಳಿಗೆ. ರಕ್ಷಣಾ ವ್ಯವಸ್ಥೆಯೇನೂ ಫ್ಯಾನಿನ ರೆಗ್ಯುಲೇಟರ್ ಅಲ್ಲ, ಮೂರರಿಂದ ಐದಕ್ಕೆ ತಿರುಗಿಸಿಕೊಳ್ಳಲು. ತಿರುಗಿಸಲು ಬರುತ್ತಿದ್ದರೂ ತಿರುಗಿಸಬಾರದು. ಅದು ವಿಪರೀತ ಚುರುಕಾದರೆ ಅಲರ್ಜಿ, ಇನ್ನೂ ದಾರಿ ತಪ್ಪಿದರೆ ಕೀಲುವಾತದಂಥ ಕಾಯಿಲೆಗಳು. ಮೆಣಸು ಶುಂಠಿ ಜಜ್ಜಿ ಹಾಕಿದ ಕಷಾಯದ ಬಗ್ಗೆ ನನಗೆ ಜಗಳವಿಲ್ಲ. ಬಿಸಿಯಾಗಿದೆ, ಗಂಟಲಿಗೆ ಹಿತ, ಅದನ್ನು ಕುಡಿಯುವ ನೆಪದಲ್ಲಾದರೂ ಐದು ನಿಮಿಷ ಕೂರಬಹುದು. ವಿಟಮಿನ್ ಸಿ ಕಥೆ ಮಾತ್ರ ಸ್ವಾರಸ್ಯಕರ. ಅದರ ಮೇಲಿನ ಹತ್ತಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2013ರ ಸಮೀಕ್ಷೆಯ ಪ್ರಕಾರ, ದಿನವೂ ನುಂಗಿದರೂ ಸಾಮಾನ್ಯ ಜನರಿಗೆ ನೆಗಡಿ ಬರುವುದು ಕಡಿಮೆಯಾಗಲಿಲ್ಲ. ಬಂದ ನೆಗಡಿ ತುಸು ಬೇಗ ಹೋಯಿತು. ಒಂದು ಗುಂಪಿನಲ್ಲಿ ಮಾತ್ರ ನೆಗಡಿ ಅರ್ಧಕ್ಕಿಳಿದಿತ್ತು. ಅವರು ಮ್ಯಾರಥಾನ್ ಓಟಗಾರರು, ಹಿಮದಲ್ಲಿ ಜಾರುವ ಸ್ಕೀ ಪಟುಗಳು, ಕೊರೆಯುವ ಚಳಿಯಲ್ಲಿ ಕವಾಯತು ಮಾಡಿದ ಸೈನಿಕರು, ಅಂದರೆ ಮೈಮುರಿಯುವ ದುಡಿಮೆಯವರು. ಗೌರಿಹಬ್ಬದ ದಿನ ಉಪವಾಸವಿದ್ದು ಮರುದಿನಕ್ಕೆ ಇಪ್ಪತ್ತೊಂದು ಕಡುಬು, ನೂರು ಹೋಳಿಗೆ ಬೇಯಿಸಿದವರು ಆ ಪಟ್ಟಿಯಲ್ಲಿ ಇರಲಿಲ್ಲ.

ಈ ವಾದಕ್ಕೆ ಬಹಳ ಹೊಂದುವ ಒಂದು ಸಾಕ್ಷ್ಯವನ್ನು ನಾನು ಬೇಕೆಂದೇ ಇಲ್ಲಿಯವರೆಗೆ ಹೊರಗಿಟ್ಟೆ. 1990ರಲ್ಲಿ ಡೇವಿಡ್ ಫಿಲಿಪ್ಸ್ ಮತ್ತು ಡೇನಿಯಲ್ ಸ್ಮಿತ್ ಕ್ಯಾಲಿಫೋರ್ನಿಯಾದ ಚೀನೀ ಮೂಲದವರ ಸಾವಿನ ದಾಖಲೆಗಳನ್ನು ತಿರುವಿ ಹಾಕಿದರು. ಚೀನೀಯರ ಸುಗ್ಗಿಯ ಹುಣ್ಣಿಮೆಯ ಹಬ್ಬದಲ್ಲಿ ಮನೆಯ ಹಿರಿಯ ಹೆಂಗಸೇ ಯಜಮಾನಿ, ಅಡುಗೆಯೆಲ್ಲ ಅವಳ ಮೇಲ್ವಿಚಾರಣೆಯಲ್ಲಿ. ಹಬ್ಬದ ಹಿಂದಿನ ವಾರ ವಯಸ್ಸಾದ ಹೆಂಗಸರ ಸಾವು ಶೇಕಡಾ 35ರಷ್ಟು ತಗ್ಗಿ, ಮುಂದಿನ ವಾರ ಹೆಚ್ಚುಕಡಿಮೆ ಅಷ್ಟೇ ಏರಿತ್ತು ಎಂದು ಅವರು ಬರೆದರು. ಹಬ್ಬ ಮುಗಿಸಿಯೇ ಹೋಗುತ್ತೇನೆ ಎಂದು ಯಮನನ್ನು ಬಾಗಿಲಲ್ಲಿ ಕೂರಿಸಿದ ಅಜ್ಜಿಯರು! ನಮ್ಮ ಸಾವಿತ್ರಿಯ ನಾಡಿನಲ್ಲಿ ಇದಕ್ಕೆ ತಲೆದೂಗದವರು ಯಾರು? ಆದರೆ 2004ರಲ್ಲಿ ಗ್ಯಾರಿ ಸ್ಮಿತ್ ಎಂಬ ಅರ್ಥಶಾಸ್ತ್ರಜ್ಞ ಬೇರೆ ವರ್ಷಗಳ ದಾಖಲೆ ಹಿಡಿದು ನೋಡಿದಾಗ ಆ ಏರಿಳಿತ ಕಾಣಲೇ ಇಲ್ಲ. ಚೆಲುವಾದ ಕಥೆ, ಬಿಡಬೇಕಾಯಿತು. ರಜೆ ಬಂದ ಕೂಡಲೇ ಕಾಯಿಲೆ ಬೀಳುವವರ ಬಗ್ಗೆ ಡಚ್ಚರು ಮಾಡಿದ ಅಧ್ಯಯನವೂ ಜನರ ನೆನಪನ್ನೇ ನೆಚ್ಚಿದ್ದು. ಹಾಗೆ ಕಾಯಿಲೆ ಬೀಳುತ್ತೇವೆ ಎಂದವರು ಅಲ್ಲಿ ನೂರಕ್ಕೆ ಮೂರು ಜನ. ಹಬ್ಬದ ಮಾರನೆಯ ದಿನವೇ ಏನೋ ವಿಶೇಷ ಶಾಪವಿದೆ ಎನ್ನಲು ಇವು ಸಾಲವು. ನೆಗಡಿಯ ವೈರಸ್ಸಿಗೆ ಮೈಯೊಳಗೆ ಬೇರುಬಿಡಲು ಒಂದೆರಡು ದಿನ ಬೇಕು. ಮಾರನೆಯ ದಿನ ಸೀನಿದವರು ಹಬ್ಬಕ್ಕೆ ಮೊದಲೇ, ಮಾರುಕಟ್ಟೆಯಲ್ಲೋ ಬಸ್ಸಿನಲ್ಲೋ, ನಿದ್ದೆಯಿಲ್ಲದ ಮೈಯಲ್ಲಿ ಅದನ್ನು ಬರಮಾಡಿಕೊಂಡಿರುತ್ತಾರೆ. ಮೊದಲು ಬಂದ ನೆಂಟ ಅದೇ.

ಹಾಗಾದರೆ ಹಬ್ಬವನ್ನು ಇಳಿಸಿ ಮಾಡುವುದೇ, ಮಡಿ ಮೈಲಿಗೆಯ ಗತಿಯೇನು, ಹೋಳಿಗೆಯನ್ನು ಅಂಗಡಿಯಿಂದ ತಂದರೆ ದೇವರು ಒಪ್ಪುತ್ತಾನೆಯೇ ಎಂಬುದು ಕೊನೆಯ, ಮತ್ತು ಮನೆಗಳಲ್ಲಿ ನಿಜಕ್ಕೂ ಏಳುವ, ಆಕ್ಷೇಪ. ದೇವರ ಪರವಾಗಿ ಉತ್ತರ ಹೇಳುವ ಅಗತ್ಯವಿಲ್ಲ, ಪೂಜಾವಿಧಿಯೇ ಹೇಳಿಬಿಟ್ಟಿದೆ. ಸಂಕಲ್ಪದಲ್ಲಿ 'ಯಥಾಶಕ್ತಿ' ಎಂಬ ಮಾತಿದೆ. ಪೂಜೆ ಮುಗಿದ ಮೇಲೆ ಮಂತ್ರದಲ್ಲಿ, ಕ್ರಿಯೆಯಲ್ಲಿ, ಭಕ್ತಿಯಲ್ಲಿ ಏನೇ ಕೊರತೆಯಾಗಿದ್ದರೂ ಮನ್ನಿಸು ಎಂದು ಕೇಳಿಕೊಳ್ಳುವ ಏರ್ಪಾಡಿದೆ. ದೇವರಮನೆಯಲ್ಲಿ ಇಷ್ಟು ಧಾರಾಳವಾಗಿ ಸಿಗುವ ಕ್ಷಮೆ ಅಡುಗೆಮನೆಗೆ ಮಾತ್ರ ಅನ್ವಯಿಸುವುದಿಲ್ಲ. ಅಕ್ಷತೆ ಕಡಿಮೆ ಬಿದ್ದರೆ ನಡೆಯುತ್ತದೆ, ಪಾಯಸಕ್ಕೆ ಗೋಡಂಬಿ ಕಡಿಮೆ ಬಿದ್ದರೆ ಮುಂದಿನ ಗೌರಿಯವರೆಗೆ ಮಾತಾಗುತ್ತದೆ. ಬೆಂಗಳೂರು, ಮೈಸೂರುಗಳ ಬೀದಿಗಳಲ್ಲಿ ಹೋಳಿಗೆಯನ್ನೇ ಮಾರುವ ಅಂಗಡಿಗಳು ಹೆಚ್ಚಿವೆ, ಹಬ್ಬದ ದಿನ ಅಲ್ಲಿ ಸಾಲು ನಿಲ್ಲುವವರಲ್ಲಿ ಗಂಡಸರೇ ಬಹಳ. ಇದನ್ನು ಸಂಸ್ಕೃತಿಯ ಪತನವೆಂದು ಕರೆಯುವವರಿದ್ದಾರೆ. ನನ್ನ ಕಣ್ಣಿಗೆ ಅದು ಒಂದು ರಾತ್ರಿಯ ನಿದ್ದೆಯನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿಸಿಕೊಂಡು ಹೋಗುವ ಸಾಲು. ಅಂಗಡಿಯ ಹೋಳಿಗೆ ಬೇಡವೆನ್ನುವ ಮನೆಯಲ್ಲಿ ಕಣಕ ನಾದಲು, ಕಾವಲಿಯ ಮುಂದೆ ನಿಲ್ಲಲು ಬೇರೆ ಕೈಗಳು ಬರಬೇಕು, ಕೇಳಿಸಿಕೊಂಡಲ್ಲ, ತಾವಾಗಿಯೇ, ಬೇಳೆ ನೆನೆಹಾಕಬೇಕೆಂದು ಹಿಂದಿನ ದಿನ ತಾವೇ ನೆನಪಿಟ್ಟುಕೊಂಡು. ಆದರೆ ಅಂಗಡಿಯ ಹೋಳಿಗೆಯಲ್ಲಿ ಒಂದು ನಷ್ಟವನ್ನು ಮುಚ್ಚಿಡಲಾಗದು. ಬೇಳೆ ಬೇಯಿಸದ ಮನೆಯಲ್ಲಿ ಬಸಿದ ಕಟ್ಟು ಇರುವುದಿಲ್ಲ, ಕಟ್ಟಿಲ್ಲದೆ ಸಾರಿಲ್ಲ. ಆದ್ದರಿಂದ ಈ ಸಲ ಸಾರಿಗೆಂದೇ ಎರಡು ಲೋಟ ಬೇಳೆ ಬೇರೆಯಾಗಿ ಬೇಯಿಸುವ ಮಾತು ಬಂದೇ ಬರುತ್ತದೆ, ಅದನ್ನು ಮಾಡುವವರು ಯಾರು ಎಂದು ಎಲ್ಲರೂ ಅಡುಗೆಮನೆಯ ಕಡೆ ನೋಡುತ್ತಾರೆ. ಒಳಗಿನಿಂದ ಸದ್ಯಕ್ಕೆ ಸೀನಿನ ಸದ್ದು ಕೇಳಿಸುತ್ತಿಲ್ಲ.